ಬಾಗಿಲಿಲ್ಲದ ಹಿಡಿಕೆ: ಜಾಕ್ ತಾತಿಯ ನಗೆಚಿತ್ರಗಳು



ರಜೆಗೆ ಹೊರಟ ಜನರಿಂದ ಕಿಕ್ಕಿರಿದ ಒಂದು ರೈಲು ನಿಲ್ದಾಣ. ಹೆಂಗಸರು, ಮಕ್ಕಳು, ಗಂಟುಮೂಟೆ. ಧ್ವನಿವರ್ಧಕ ಏನನ್ನೋ ಗೊರಗುಟ್ಟುತ್ತದೆ. ಮಾತಿನ ಏರಿಳಿತವೇನೋ ಇದೆ, ಆದರೆ ಒಂದು ಪದವೂ ಬಿಡಿಸಿ ಕೇಳಿಸುವುದಿಲ್ಲ. ಗುಂಪಿಗೆ ಗಾಬರಿ. ಎಲ್ಲರೂ ದಡದಡನೆ ಮೆಟ್ಟಿಲಿಳಿದು, ಹಳಿಗಳ ಕೆಳಗಿನ ಸುರಂಗ ಹಾದು, ಇನ್ನೊಂದು ಪ್ಲಾಟ್‌ಫಾರಂನಲ್ಲಿ ತಲೆ ಎತ್ತುತ್ತಾರೆ. ರೈಲು ಬರುವುದು ಬೇರೊಂದು ಹಳಿಗೆ. ಧ್ವನಿವರ್ಧಕ ಮತ್ತೆ ಗೊರಗುಟ್ಟುತ್ತದೆ, ಗುಂಪು ಮತ್ತೆ ಓಡುತ್ತದೆ. ಕ್ಯಾಮೆರಾ ಮಾತ್ರ ದೂರದಲ್ಲಿ ತಣ್ಣಗೆ ನಿಂತು ನೋಡುತ್ತಿರುತ್ತದೆ.

ಅರಸೀಕೆರೆಯಲ್ಲೋ ಹುಬ್ಬಳ್ಳಿಯಲ್ಲೋ ಗಾಡಿ ಬದಲಿಸಿದವರಿಗೆ ಈ ದೃಶ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೆ ಇದು ಫ್ರಾನ್ಸ್ ದೇಶದ್ದು. 1953ರಲ್ಲಿ ತೆರೆಕಂಡ 'ಲೇ ವಕಾನ್ಸ್ ದ ಮಸ್ಯೂ ಉಲೋ' ಎಂಬ ಚಿತ್ರದ ಆರಂಭ. ಕನ್ನಡದಲ್ಲಿ 'ಉಲೋ ಸಾಹೇಬರ ರಜೆ' ಎನ್ನಬಹುದು. ನಿರ್ದೇಶಕ ಜಾಕ್ ತಾತಿ. ಉಲೋನ ಪಾತ್ರ ಮಾಡಿದವನೂ ಆತನೇ.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ನಿಲ್ದಾಣದ ಈ ದೃಶ್ಯದಲ್ಲಿ ಉಲೋ ಇಲ್ಲವೇ ಇಲ್ಲ. ಕತೆಯ ನಾಯಕ ಬೇರೆಲ್ಲೋ ತನ್ನ ಲಟಾರಿ ಕಾರಿನಲ್ಲಿ ಡಬ್ ಡಬ್ ಎನ್ನುತ್ತ ಬರುತ್ತಿದ್ದಾನೆ. ಹಾಗಾದರೆ ಇಲ್ಲಿ ನಮ್ಮನ್ನು ನಗಿಸಿದವರು ಯಾರು? ಹೆಸರಿಲ್ಲದ ಗುಂಪು, ಮುಖವಿಲ್ಲದ ಧ್ವನಿವರ್ಧಕ ಮತ್ತು ಒಂದು ಸುರಂಗ. ಹಾಸ್ಯ ಎಂಬುದು ಹಾಸ್ಯನಟನ ಸೊತ್ತಲ್ಲ, ಅದು ಎಲ್ಲರ ನಡುವೆಯೂ ಬಿದ್ದಿದೆ, ಕಣ್ಣಿದ್ದವರು ಹೆಕ್ಕಿಕೊಳ್ಳಬಹುದು ಎಂಬುದು ತಾತಿಯ ನಂಬಿಕೆ. ಈ ನಂಬಿಕೆಯನ್ನು ಆತ ಚಿತ್ರದಿಂದ ಚಿತ್ರಕ್ಕೆ ಬಿಗಿಗೊಳಿಸುತ್ತ ಹೋದ. ಕೊನೆಗೆ ಅದಕ್ಕಾಗಿ ಮನೆಮಠ ಕಳೆದುಕೊಂಡ. ಇನ್ನು ಸ್ವಲ್ಪ ಹೊತ್ತಿನಲ್ಲಿ ಈ ತೆರೆಯ ಮೇಲೆ ಮೂಡಲಿರುವ 'ಪ್ಲೇಟೈಮ್' ಆ ಕಳೆದುಕೊಂಡದ್ದರ ಲೆಕ್ಕಪತ್ರವೂ ಹೌದು.

ಜಾಕ್ ತಾತಿಯ ಪೂರ್ಣ ಹೆಸರು ಜಾಕ್ ತಾತಿಶೆಫ್. ಹುಟ್ಟಿದ್ದು 1907ರ ಅಕ್ಟೋಬರ್ 9ರಂದು, ಪ್ಯಾರಿಸ್ ಪಕ್ಕದ ಲ ಪೆಕ್ ಎಂಬ ಊರಿನಲ್ಲಿ. ತಂದೆಯ ಕಡೆ ರಷ್ಯನ್ ರಕ್ತ. ಮನೆಯ ಕಸುಬು ಚಿತ್ರಪಟಗಳಿಗೆ ಕಟ್ಟು ಹಾಕುವುದು. (ಮುಂದೆ ಸಿನಿಮಾದ ಚೌಕಟ್ಟಿನೊಳಗೆ ಅಷ್ಟೊಂದು ಜನರನ್ನು ಅಚ್ಚುಕಟ್ಟಾಗಿ ಕೂರಿಸಿದವನು ಕಟ್ಟು ಹಾಕುವವರ ಮನೆಯ ಹುಡುಗ ಎಂಬುದು ಸ್ವಾರಸ್ಯಕರ.) ಆರು ಅಡಿ ದಾಟಿದ ಉದ್ದನೆಯ ಆಳು, ರಗ್ಬಿ ಆಟಗಾರ. ಪಂದ್ಯ ಮುಗಿದ ಮೇಲೆ ಗೆಳೆಯರ ಮುಂದೆ ಆ ದಿನದ ಆಟವನ್ನೇ ಅಣಕಿಸಿ ನಗಿಸುತ್ತಿದ್ದ ಹುಡುಗ ಕ್ರಮೇಣ ರಂಗದ ಮೇಲೆ ಬಂದ. ಗೋಲಿ, ಟೆನಿಸ್ ಆಟಗಾರ, ಕುದುರೆ ಸವಾರ, ಗಾಳ ಹಾಕುವವನು ಹೀಗೆ ಒಬ್ಬೊಬ್ಬರನ್ನೂ ಮಾತಿಲ್ಲದೆ, ಬರಿಮೈಯಿಂದ ಮಾಡಿ ತೋರಿಸುವ ಆತನ ಪ್ರದರ್ಶನಗಳು ಜನಪ್ರಿಯವಾದವು. 1936ರಲ್ಲಿ ಹೆಸರಾಂತ ಲೇಖಕಿ ಕೊಲೆತ್ ಇದನ್ನು ನೋಡಿ, ಈತ ಆಟಗಾರನೂ ಹೌದು, ಚೆಂಡೂ ಹೌದು, ರಾಕೆಟ್ಟೂ ಹೌದು ಎಂಬರ್ಥದಲ್ಲಿ ಮೆಚ್ಚಿ ಬರೆದಳು.

ನಮ್ಮಲ್ಲಿ ನರಸಿಂಹರಾಜು, ಬಾಲಕೃಷ್ಣ ಗುಬ್ಬಿ ಕಂಪನಿಯ ರಂಗದಿಂದ ಸಿನಿಮಾಕ್ಕೆ ಬಂದ ಹಾಗೆಯೇ ಇದು. ರಂಗದ ಮೇಲೆ ನಗಿಸಿದವನನ್ನು ಚಿತ್ರರಂಗ ಕರೆಯುತ್ತದೆ. ಆದರೆ ಸಾಮಾನ್ಯವಾಗಿ ಹಾಗೆ ಬಂದವರು ಮುಖ ತೋರಿಸಿದರೆ ಸಾಕು, ಕೊಟ್ಟಿಗೆಯ ಬೆಂಚಿನಿಂದ ಬಾಲ್ಕನಿಯವರೆಗೆ ಶಿಳ್ಳೆ ಬೀಳುತ್ತದೆ. ಪ್ರೇಕ್ಷಕ ಕೊಟ್ಟ ಹಣ ಆ ಮುಖಕ್ಕೆ. ತಾತಿ ತನ್ನ ಮುಖವನ್ನೇ ಹಿಂದಕ್ಕೆ ಸರಿಸುತ್ತ ಹೋದ. ಆತನ ವಿಲಕ್ಷಣತೆ ಇರುವುದು ಇಲ್ಲಿ.

ಮೊದಲ ಪೂರ್ಣ ಪ್ರಮಾಣದ ಚಿತ್ರ 'ಜೂರ್ ದ ಫೆತ್' ಅಂದರೆ 'ಜಾತ್ರೆಯ ದಿನ'. ಎರಡನೆಯ ಮಹಾಯುದ್ಧದ ಕಾಲದಲ್ಲಿ ತಾತಿ ಮಧ್ಯ ಫ್ರಾನ್ಸಿನ ಸೇಂತ್ ಸೆವೇರ್ ಎಂಬ ಹಳ್ಳಿಯ ಕಡೆ ಕೆಲಕಾಲ ತಲೆಮರೆಸಿಕೊಂಡಿದ್ದ. ಯುದ್ಧ ಮುಗಿದ ಮೇಲೆ, 1947ರಲ್ಲಿ, ಅದೇ ಹಳ್ಳಿಗೆ ಕ್ಯಾಮೆರಾ ಹೊತ್ತು ಹೋದ. ಊರಿನವರನ್ನೇ ನಟರನ್ನಾಗಿ ಮಾಡಿಕೊಂಡ. ಕತೆ ಇಷ್ಟು: ಊರಿಗೆ ಜಾತ್ರೆ ಬಂದಿದೆ. ಜಾತ್ರೆಯ ಡೇರೆಯಲ್ಲಿ ಅಮೆರಿಕದ ಅಂಚೆ ಇಲಾಖೆಯ ಶರವೇಗದ ಕುರಿತ ಒಂದು ಚಿತ್ರ ತೋರಿಸುತ್ತಾರೆ. ಊರ ಅಂಚೆಯವ ಫ್ರಾನ್ಸ್ವಾ ಅದನ್ನು ನೋಡಿ, ಊರವರ ಕೀಟಲೆಗೂ ಸಿಕ್ಕಿ, ತಾನೂ ಅಮೆರಿಕನ್ ಆಗಲು ಹೊರಡುತ್ತಾನೆ. ಓಡುವ ಲಾರಿಯ ಹಿಂಬದಿಗೆ ಸೈಕಲ್ ಸಮೇತ ಜೋತುಬಿದ್ದು, ಅದರ ಹಲಗೆಯನ್ನೇ ಮೇಜು ಮಾಡಿಕೊಂಡು ಕಾಗದಗಳಿಗೆ ಠಸ್ಸೆ ಒತ್ತುತ್ತ ಸಾಗುತ್ತಾನೆ.

ಇದರಲ್ಲೊಂದು ಪುಟ್ಟ ದೃಶ್ಯವಿದೆ. ತೆರೆಯ ಮುಂಭಾಗದಲ್ಲಿ ಹೊಲದಲ್ಲಿ ಕೆಲಸ ಮಾಡುತ್ತಿರುವ ರೈತ. ಬಹುದೂರದ ದಾರಿಯಲ್ಲಿ ಸೈಕಲ್ ಮೇಲೆ ಅಂಚೆಯವ. ಗುಂಯ್ ಎಂಬ ಸದ್ದು ಕೇಳುತ್ತದೆ. ಅಂಚೆಯವ ಎರಡೂ ಕೈಗಳಿಂದ ಗಾಳಿಯನ್ನು ಹೊಡೆಯತೊಡಗುತ್ತಾನೆ. ಸ್ವಲ್ಪ ಹೊತ್ತಿಗೆ ಆತ ಸುಮ್ಮನಾಗುತ್ತಾನೆ. ಸದ್ದು ಹತ್ತಿರ ಬರುತ್ತದೆ. ಈಗ ರೈತ ಕೈ ಬೀಸುತ್ತಾನೆ. ಆಮೇಲೆ ಸದ್ದು ಮತ್ತೆ ದೂರ ಸರಿಯುತ್ತದೆ, ಅಂಚೆಯವನ ಕುಣಿತ ಮತ್ತೆ ಶುರು. ದುಂಬಿ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಬೇರೆ ನಿರ್ದೇಶಕರಾಗಿದ್ದರೆ ಅಂಚೆಯವನ ಮುಖವನ್ನು ತೆರೆ ತುಂಬ ತೋರಿಸುತ್ತಿದ್ದರು. ತಾತಿ ಕ್ಯಾಮೆರಾವನ್ನು ಕದಲಿಸುವುದಿಲ್ಲ. ನಗೆ ಹುಟ್ಟುವುದು ಇಬ್ಬರ ನಡುವಿನ ದೂರದಲ್ಲಿ ಎಂಬುದು ಆತನಿಗೆ ಗೊತ್ತು.

ಈ ಚಿತ್ರಕ್ಕೆ ಇನ್ನೊಂದು ಕತೆ ಇದೆ. ತಾತಿ ಇದನ್ನು ವರ್ಣದಲ್ಲಿ ತೆಗೆಯಲು ಹೊರಟಿದ್ದ. ಥಾಮ್ಸನ್ ಕಲರ್ ಎಂಬ ಹೊಸ ಫ್ರೆಂಚ್ ಪದ್ಧತಿ. ಹೊಸದನ್ನು ನಂಬುವುದು ಹೇಗೆಂದು ಪಕ್ಕದಲ್ಲೇ ಇನ್ನೊಂದು ಕಪ್ಪು ಬಿಳುಪು ಕ್ಯಾಮೆರಾವನ್ನೂ ಇಡಲಾಗಿತ್ತು. ಇಟ್ಟದ್ದೇ ಒಳ್ಳೆಯದಾಯಿತು. ವರ್ಣದ ಪ್ರತಿಗಳನ್ನು ತೆಗೆಯಲು ಕೊನೆಗೂ ಆಗಲಿಲ್ಲ. 1949ರಲ್ಲಿ ಚಿತ್ರ ಕಪ್ಪು ಬಿಳುಪಿನಲ್ಲೇ ತೆರೆಕಂಡಿತು, ಗೆದ್ದಿತು. ಬೂದುಬಣ್ಣದ ಹಳ್ಳಿಗೆ ಜಾತ್ರೆಯವರು ಮರದ ಕುದುರೆಗಳ ಜೊತೆ ಬಣ್ಣವನ್ನೂ ಹೊತ್ತು ತರುತ್ತಾರೆ ಎಂಬ ತಾತಿಯ ಎಣಿಕೆ ಡಬ್ಬದೊಳಗೇ ಉಳಿಯಿತು. ತಂದೆ ಸತ್ತು ಹದಿಮೂರು ವರ್ಷಗಳಾದ ಮೇಲೆ, 1995ರಲ್ಲಿ, ಮಗಳು ಸೋಫಿ ತಾತಿಶೆಫ್ ಆ ಹಳೆಯ ರೀಲುಗಳಿಂದ ಬಣ್ಣವನ್ನು ಹೊರತೆಗೆಸಿ ಚಿತ್ರವನ್ನು ಮತ್ತೆ ಬಿಡುಗಡೆ ಮಾಡಿಸಿದಳು. ಆಕೆ ಸ್ವತಃ ಚಿತ್ರ ಸಂಕಲನಕಾರ್ತಿ.

ಅಂಚೆಯವನ ಪಾತ್ರ ಜನಕ್ಕೆ ಹಿಡಿಸಿತ್ತು. ಅದನ್ನೇ ಮುಂದುವರಿಸು ಎಂದರು ಹಣ ಹಾಕುವವರು. ತಾತಿ ಒಪ್ಪಲಿಲ್ಲ. ಅಂಚೆಯವನನ್ನು ಬಿಟ್ಟು ಉಲೋನನ್ನು ಹುಟ್ಟಿಸಿದ. ಮಳೆಕೋಟು, ಹ್ಯಾಟು, ಬಾಯಲ್ಲಿ ಪೈಪು, ಕೈಯಲ್ಲಿ ಕೊಡೆ, ಹಿಮ್ಮಡಿ ತಾಗಿಯೂ ತಾಗದಂಥ ನಡಿಗೆ, ಗಿಡ್ಡನೆಯ ಪ್ಯಾಂಟು. ಮಾತು ಎಂದರೆ ಹೆಸರು ಹೇಳಿದರೆ ಹೆಚ್ಚು. ಸಮುದ್ರ ತೀರದ ಹೋಟೆಲಿಗೆ ರಜೆ ಕಳೆಯಲು ಬರುವ ಈತ ಯಾರಿಗೂ ಕೆಟ್ಟದ್ದು ಬಯಸುವವನಲ್ಲ. ಬಾಗಿಲು ತೆರೆದು ಒಳಗೆ ಬರುತ್ತಾನೆ, ಅಷ್ಟೆ. ಬಾಗಿಲು ಹಾಕಲು ಮರೆತಿರುತ್ತಾನೆ. ಗಾಳಿ ನುಗ್ಗಿ ಹೋಟೆಲಿನ ಶಿಸ್ತೆಲ್ಲ ಹಾರಿಹೋಗುತ್ತದೆ.

ಈ ಚಿತ್ರದಲ್ಲಿ ಕತೆ ಎಂಬುದೇ ಇಲ್ಲ. ಸ್ಮಶಾನದ ಹತ್ತಿರ ಉಲೋನ ಕಾರಿನ ಟ್ಯೂಬು ನೆಲಕ್ಕೆ ಬಿದ್ದು ಒದ್ದೆ ಎಲೆಗಳು ಮೆತ್ತಿಕೊಳ್ಳುತ್ತವೆ. ನೋಡಿದವರು ಅದನ್ನು ಹೂವಿನ ಹಾರವೆಂದುಕೊಂಡು ಗೋರಿಗೆ ಅರ್ಪಿಸುತ್ತಾರೆ. ದೋಣಿಗೆ ಬಣ್ಣ ಬಳಿಯುತ್ತಿದ್ದರೆ ಬಣ್ಣದ ಡಬ್ಬವನ್ನು ಅಲೆ ಕೊಂಡೊಯ್ಯುತ್ತದೆ, ಕುಂಚ ಅದ್ದುವ ಹೊತ್ತಿಗೆ ಸರಿಯಾಗಿ ಇನ್ನೊಂದು ಪಕ್ಕಕ್ಕೆ ತಂದು ಬಿಡುತ್ತದೆ. ಹೀಗೆ ಒಂದರ ಹಿಂದೆ ಒಂದು. ನಡುನಡುವೆ ಏನೂ ಆಗದ ಹೊತ್ತು. ರಜೆ ಎಂದರೆ ಹಾಗೆಯೇ ಅಲ್ಲವೇ?

ತಾತಿಯ ನಿಜವಾದ ಹೊಸತನ ಧ್ವನಿಯಲ್ಲಿದೆ. ಮೂಕಿಚಿತ್ರಗಳ ಕಾಲ ಮುಗಿದಾಗ ಚಾಪ್ಲಿನ್ನನಂಥವನೂ ಮಾತಿಗೆ ಹೆದರಿದ. ಬಸ್ಟರ್ ಕೀಟನ್‌ಗೆ ಅಲ್ಲಿಂದ ಇಳಿಗಾಲ. ಮಿಕ್ಕವರು ಹಾಸ್ಯವನ್ನು ಪೂರಾ ಸಂಭಾಷಣೆಗೆ ಒಪ್ಪಿಸಿಬಿಟ್ಟರು. ತಾತಿ ಮೂರನೆಯ ದಾರಿ ಹುಡುಕಿದ. ಸದ್ದು ಬೇಕು, ಮಾತು ಬೇಡ. ಚಿತ್ರೀಕರಣದ ವೇಳೆಯ ಧ್ವನಿಯನ್ನು ಬದಿಗಿಟ್ಟು, ಆಮೇಲೆ ತಿಂಗಳುಗಟ್ಟಲೆ ಕುಳಿತು ಒಂದೊಂದೇ ಸದ್ದನ್ನು ಆರಿಸಿ ಅಂಟಿಸುತ್ತಿದ್ದ. ಹೋಟೆಲಿನ ಊಟದ ಕೋಣೆಯ ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ತಂತಿ ಮೀಟಿದಂಥ ಒಂದು ಸದ್ದು. ಮೊದಲ ಸಲ ಗಮನಕ್ಕೆ ಬರುವುದಿಲ್ಲ. ಐದನೆಯ ಸಲಕ್ಕೆ ಬಾಗಿಲೇ ಒಂದು ಪಾತ್ರವಾಗಿರುತ್ತದೆ. ಮನುಷ್ಯರ ಮಾತು ಮಾತ್ರ ಪಕ್ಕದ ಕೋಣೆಯ ಗುಜುಗುಜು.

1987ರಲ್ಲಿ ಸಿಂಗೀತಂ ಶ್ರೀನಿವಾಸ ರಾವ್ ಬೆಂಗಳೂರಿನಲ್ಲಿ ತೆಗೆದ 'ಪುಷ್ಪಕ ವಿಮಾನ' ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅದೂ ಮೂಕಿಚಿತ್ರವಲ್ಲ. ಬೀದಿಯ ಸದ್ದು, ಪಕ್ಕದ ಮನೆಯ ಸದ್ದು ಎಲ್ಲವೂ ಅಲ್ಲಿವೆ, ಇಲ್ಲದ್ದು ಸಂಭಾಷಣೆಯೊಂದೇ. ಒಂದಕ್ಕೊಂದು ನಂಟು ಕಟ್ಟುವ ಅಗತ್ಯವಿಲ್ಲ. ಆದರೆ ಮಾತಿಲ್ಲದೆ ಎರಡು ಗಂಟೆ ಕೂರುವುದು ಹೇಗೆ ಎಂಬ ಅಳುಕು ಕನ್ನಡದ ಪ್ರೇಕ್ಷಕನಿಗೆ ಇರಬೇಕಾಗಿಲ್ಲ ಎನ್ನಲು ಈ ಉದಾಹರಣೆ ಸಾಕು.

ಮೂರನೆಯ ಚಿತ್ರ 'ಮೋನ್ ಓಂಕ್ಲ್' 1958ರಲ್ಲಿ ಬಂತು. ಇಂಗ್ಲಿಷಿನವರು 'ಅಂಕಲ್' ಎಂದು ಕೈತೊಳೆದುಕೊಂಡರು, ಕನ್ನಡದಲ್ಲಿ ಸ್ಪಷ್ಟವಾಗಿ 'ನನ್ನ ಸೋದರಮಾವ' ಎನ್ನಬಹುದು. ಉಲೋನ ತಂಗಿ ಪ್ಲಾಸ್ಟಿಕ್ ಕೊಳವೆ ಕಾರ್ಖಾನೆಯ ಧಣಿಯೊಬ್ಬನ ಹೆಂಡತಿ. ಅವರದು ಗುಂಡಿ ಒತ್ತಿದರೆ ಕೆಲಸ ಮಾಡುವ ಹೊಸ ಮಾದರಿಯ ಮನೆ. ಅಂಗಳದಲ್ಲಿ ಬಾಯಿಂದ ನೀರು ಚಿಮ್ಮಿಸುವ ಲೋಹದ ಮೀನೊಂದಿದೆ. ಗೇಟಿನ ಕರೆಗಂಟೆ ಬಾರಿಸಿದ ಕೂಡಲೇ ಯಜಮಾನತಿ ಓಡಿ ಮೀನಿಗೆ ಚಾಲನೆ ಕೊಡುತ್ತಾಳೆ. ಬಂದವನು ಅಣ್ಣನೋ ಸಾಮಾನು ತಂದವನೋ ಆಗಿದ್ದರೆ ತಕ್ಷಣ ನಿಲ್ಲಿಸುತ್ತಾಳೆ. ನೀರಿಗೂ ದುಡ್ಡಲ್ಲವೇ! ಅತಿಥಿಯ ಅಂತಸ್ತಿಗೆ ತಕ್ಕ ಕಾಫಿ ಲೋಟ ತೆಗೆಯುವ ಮನೆಗಳು ನಮ್ಮಲ್ಲೂ ಇಲ್ಲದಿಲ್ಲ.

ಉಲೋ ಇರುವುದು ಊರಿನ ಹಳೆಯ ಕೇರಿಯಲ್ಲಿ. ಆತನ ಕೋಣೆ ಅಟ್ಟದ ಮೇಲೆ. ಮೇಲಕ್ಕೆ ಹೋಗುವಾಗ ಮೆಟ್ಟಿಲು, ಕಿಟಕಿ, ಪಡಸಾಲೆಗಳಲ್ಲಿ ಆತನ ಕಾಲಷ್ಟೇ ಒಮ್ಮೆ, ತಲೆಯಷ್ಟೇ ಒಮ್ಮೆ ಕಾಣಿಸುತ್ತ ಹೋಗುತ್ತದೆ. ಕಿಟಕಿಯ ಗಾಜನ್ನು ಸ್ವಲ್ಪ ತಿರುಗಿಸಿದರೆ ಬಿಸಿಲು ಪ್ರತಿಫಲಿಸಿ ಎದುರು ಗೋಡೆಯ ಪಂಜರದ ಹಕ್ಕಿಯ ಮೇಲೆ ಬೀಳುತ್ತದೆ, ಹಕ್ಕಿ ಹಾಡುತ್ತದೆ. ಗಾಜನ್ನು ಹಿಂದಕ್ಕೆ ತಿರುಗಿಸಿದರೆ ಹಾಡು ನಿಲ್ಲುತ್ತದೆ. ಉಲೋ ಎಚ್ಚರಿಕೆಯಿಂದ, ಹಕ್ಕಿ ಹಾಡುವ ಕೋನದಲ್ಲೇ ಕಿಟಕಿಯನ್ನು ಬಿಟ್ಟುಹೋಗುತ್ತಾನೆ.

ಚಿತ್ರಕ್ಕೆ ಕಾನ್ ಉತ್ಸವದಲ್ಲಿ ವಿಶೇಷ ಬಹುಮಾನ ಬಂತು, ಅಮೆರಿಕದಲ್ಲಿ ಅತ್ಯುತ್ತಮ ವಿದೇಶಿ ಭಾಷಾಚಿತ್ರಕ್ಕೆ ಕೊಡುವ ಆಸ್ಕರ್ ಬಂತು. ಬಹುಮಾನ ಪಡೆಯಲು ಅಮೆರಿಕಕ್ಕೆ ಹೋದ ತಾತಿ ಅಲ್ಲಿನ ಹಳೆಯ ನಗೆಗಾರರಾದ ಕೀಟನ್, ಸ್ಟ್ಯಾನ್ ಲಾರೆಲ್, ಮ್ಯಾಕ್ ಸೆನೆಟ್ ಅವರನ್ನು ಕಾಣಬೇಕೆಂದು ಕೇಳಿಕೊಂಡ. ಅದು ತಾತಿಯ ಅದೃಷ್ಟದ ನೆತ್ತಿ. ಆದರೂ ಒಂದು ಮಾತು ಹೇಳಬೇಕು. 'ಸೋದರಮಾವ' ಸುಂದರ ಚಿತ್ರವಾದರೂ ಅದರ ತಕ್ಕಡಿ ಸ್ವಲ್ಪ ವಾಲಿದೆ. ಹಳೆಯ ಕೇರಿಯೆಲ್ಲ ಚಿನ್ನ, ಹೊಸ ಮನೆಯೆಲ್ಲ ತಗಡು ಎಂಬುದು ಅಷ್ಟು ಸರಳವಲ್ಲ. ಆ ಹಳೆಯ ಕೇರಿಯಲ್ಲಿ ನೀರು ಹೊತ್ತವರನ್ನು ಕೇಳಿದರೆ ಬೇರೆಯೇ ಮಾತು ಹೇಳಿಯಾರು. ತಾತಿಗೂ ಇದು ಹೊಳೆದಿತ್ತೋ ಏನೋ, ಮುಂದಿನ ಚಿತ್ರದಲ್ಲಿ ಹಳೆಯ ಕೇರಿಯೇ ಇಲ್ಲ. ಇಡೀ ಚಿತ್ರ ಗಾಜಿನ ನಗರದೊಳಗೆ ನಡೆಯುತ್ತದೆ.

ಅದೇ 'ಪ್ಲೇಟೈಮ್'.

ಇಂಥ ಚಿತ್ರಕ್ಕೆ ನಿಜವಾದ ಕಚೇರಿ, ವಿಮಾನ ನಿಲ್ದಾಣಗಳನ್ನು ತಿಂಗಳುಗಟ್ಟಲೆ ಯಾರು ಬಿಟ್ಟುಕೊಡುತ್ತಾರೆ? ತಾತಿ ಪ್ಯಾರಿಸ್ಸಿನ ಹೊರವಲಯದಲ್ಲಿ ಸುಮಾರು 15,000 ಚದರ ಮೀಟರ್ ಜಾಗದಲ್ಲಿ, ಅಂದರೆ ಮೂರೂವರೆ ಎಕರೆಗೂ ಹೆಚ್ಚು ನೆಲದಲ್ಲಿ, ಒಂದು ಪುಟ್ಟ ನಗರವನ್ನೇ ಕಟ್ಟಿಸಿದ. ಉಕ್ಕು, ಗಾಜು, ಡಾಂಬರು ರಸ್ತೆ, ಸಂಚಾರ ದೀಪ, ವಿದ್ಯುತ್ತಿಗೆ ಸ್ವಂತ ವ್ಯವಸ್ಥೆ. ಕೆಲವು ಕಟ್ಟಡಗಳ ಬುಡಕ್ಕೆ ಚಕ್ರ, ಬೇಕಾದಂತೆ ತಳ್ಳಿ ಜೋಡಿಸಲು. ದೂರದಲ್ಲಿ ನಿಲ್ಲಿಸಲು ರಟ್ಟಿನಲ್ಲಿ ಕತ್ತರಿಸಿದ ಮನುಷ್ಯರ ಚಿತ್ರಗಳು. ಜನ ಅದಕ್ಕೆ 'ತಾತಿವಿಲ್' ಎಂದು ಹೆಸರಿಟ್ಟರು, ತಾತಿಯ ಊರು. 1964ರಲ್ಲಿ ಆರಂಭವಾದ ಕೆಲಸ 1967ರವರೆಗೆ ಎಳೆಯಿತು. ಬಿರುಗಾಳಿಗೆ ಕಟ್ಟಡಗಳು ಹಾಳಾದವು, ಮತ್ತೆ ಕಟ್ಟಬೇಕಾಯಿತು. ಹಣ ಮುಗಿಯಿತು, ಸಾಲ ತಂದದ್ದಾಯಿತು, ಹಳೆಯ ಚಿತ್ರಗಳ ಹಕ್ಕುಗಳನ್ನು ಒತ್ತೆ ಇಟ್ಟದ್ದಾಯಿತು. ತಾತಿ ಮಾತ್ರ ಅವಸರ ಮಾಡಲಿಲ್ಲ. ಸಾಲಗಾರರು ಬಾಗಿಲಲ್ಲಿ ನಿಂತಾಗಲೂ ಹಿಂದಿನ ಸಾಲಿನ ಒಬ್ಬ ಮಾಣಿ ತಲೆ ತಿರುಗಿಸುವ ರೀತಿಯನ್ನು ತಿದ್ದುತ್ತಿದ್ದ ಮನುಷ್ಯ ಆತ.

ಚಿತ್ರವನ್ನು ತೆಗೆದದ್ದು 70 ಎಂಎಂ ಫಿಲ್ಮಿನಲ್ಲಿ. ನಮ್ಮಲ್ಲಿ 70 ಎಂಎಂ ಎಂದರೆ 'ಶೋಲೆ' ನೆನಪಾಗುತ್ತದೆ. ಕುದುರೆ, ಬಂಡೆ, ರೈಲು, ಗುಂಡು. ಹಾಲಿವುಡ್ಡಿನಲ್ಲೂ ಅಷ್ಟೇ, ಯುದ್ಧ, ಮರುಭೂಮಿ, ಪುರಾಣ. ತಾತಿ ಅದನ್ನು ಬಳಸಿದ್ದು ಒಂದು ಕಚೇರಿ, ಒಂದು ಹೋಟೆಲು ತೋರಿಸಲಿಕ್ಕೆ. ಅಗಲವಾದ ತೆರೆಯ ಮೇಲೆ ಏಕಕಾಲಕ್ಕೆ ನಾಲ್ಕೈದು ಕಡೆ ಏನಾದರೊಂದು ನಡೆಯುತ್ತಿರುತ್ತದೆ. ಎಲ್ಲಿ ನೋಡಬೇಕು ಎಂದು ಯಾರೂ ಹೇಳುವುದಿಲ್ಲ. ಮುಖಗಳನ್ನು ಹತ್ತಿರದಿಂದ ತೋರಿಸುವ ಕ್ಲೋಸಪ್ ಹುಡುಕಿದರೂ ಸಿಗುವುದಿಲ್ಲ.

ಕತೆ ಹೇಳಿದರೆ ಎರಡು ಸಾಲು. ಉಲೋಗೆ ಒಂದು ಕಚೇರಿಯಲ್ಲಿ ಯಾರನ್ನೋ ಭೇಟಿಯಾಗಬೇಕಾಗಿದೆ, ಆಗುವುದಿಲ್ಲ. ಅಮೆರಿಕದಿಂದ ಪ್ರವಾಸಿ ಹೆಂಗಸರ ತಂಡವೊಂದು ಪ್ಯಾರಿಸ್ ನೋಡಲು ಬಂದಿದೆ, ನೋಡುವುದಿಲ್ಲ. ಅವರಿಗೆ ಕಾಣುವುದು ಗಾಜು. ಐಫೆಲ್ ಗೋಪುರ ಒಂದು ಬಾಗಿಲು ತೆರೆದಾಗ ಅದರ ಗಾಜಿನಲ್ಲಿ ಕ್ಷಣಕಾಲ ಪ್ರತಿಫಲಿಸಿ ಮಾಯವಾಗುತ್ತದೆ. ಪ್ರವಾಸ ಕಚೇರಿಯ ಗೋಡೆಯ ಮೇಲೆ ಬೇರೆಬೇರೆ ದೇಶಗಳ ಜಾಹೀರಾತುಗಳಿವೆ, ಎಲ್ಲದರಲ್ಲೂ ಇರುವುದು ಒಂದೇ ಕಟ್ಟಡ. ಉಲೋ ಕಾಯುವ ಕೋಣೆಯ ಕುರ್ಚಿಗಳು ಕೂತರೆ ಉಸ್ಸೆಂದು ಕುಸಿಯುತ್ತವೆ, ಎದ್ದರೆ ಪುಸ್ಸೆಂದು ಮೊದಲಿನಂತಾಗುತ್ತವೆ. ಉದ್ದನೆಯ ಕಾರಿಡಾರಿನ ಆ ತುದಿಯಿಂದ ಅಧಿಕಾರಿಯೊಬ್ಬ ಟಕ್ ಟಕ್ ಎಂದು ಬರುತ್ತಿದ್ದಾನೆ. ಹತ್ತಿರ ಬಂದ ಎಂದು ಉಲೋ ಎದ್ದು ನಿಲ್ಲುತ್ತಾನೆ, ಕಾವಲಿನ ಮುದುಕ ಇನ್ನೂ ಇಲ್ಲ ಎಂದು ಕೂರಿಸುತ್ತಾನೆ. ಸದ್ದು ಬಂದು ಎಷ್ಟೋ ಹೊತ್ತಾದ ಮೇಲೆ ಮನುಷ್ಯ ಬರುತ್ತಾನೆ. ಇಂದಿನ ಬೆಂಗಳೂರಿನ ಗಾಜಿನ ಕಚೇರಿಗಳಲ್ಲಿ ಸಂದರ್ಶನಕ್ಕೆಂದು ಕುತ್ತಿಗೆಗೆ ಕಾರ್ಡು ನೇತುಹಾಕಿಕೊಂಡು ಕಾದವರಿಗೆ ಆ ಉಸ್ಸು ಪುಸ್ಸು ಪರಿಚಿತವೇ.

ಉತ್ತರಾರ್ಧ ಬಹುಪಾಲು ಒಂದೇ ರಾತ್ರಿ, 'ರಾಯಲ್ ಗಾರ್ಡನ್' ಎಂಬ ಹೊಸ ರೆಸ್ಟೋರೆಂಟಿನ ಮೊದಲ ರಾತ್ರಿ. ಬಡಗಿಗಳು ಇನ್ನೂ ಹಿಂದಿನ ಬಾಗಿಲಲ್ಲಿ ಹೊರಗೆ ಹೋಗುತ್ತಿದ್ದಾರೆ, ಗಿರಾಕಿಗಳು ಮುಂದಿನ ಬಾಗಿಲಲ್ಲಿ ಒಳಬರುತ್ತಿದ್ದಾರೆ. ನೆಲದ ಹಂಚು ಬೂಟಿಗೆ ಅಂಟಿಕೊಂಡು ಏಳುತ್ತದೆ. ಕುರ್ಚಿಯ ಬೆನ್ನಿಗೆ ಕಿರೀಟದ ಆಕಾರ ಮಾಡಿಸಿದ್ದಾರೆ, ಕೂತವರೆಲ್ಲರ ಬೆನ್ನ ಮೇಲೂ ಕಿರೀಟದ ಮುದ್ರೆ ಬೀಳುತ್ತದೆ. ಒಂದು ಮೀನಿಗೆ ಮಾಣಿಗಳು ಒಬ್ಬರಾದ ಮೇಲೆ ಒಬ್ಬರು ಬಂದು ಮಸಾಲೆ ಉದುರಿಸಿ ಹೋಗುತ್ತಾರೆ, ಯಾರೂ ಬಡಿಸುವುದಿಲ್ಲ. ಬಟ್ಟೆ ಹರಿದುಕೊಂಡ ಮಾಣಿಯೊಬ್ಬನನ್ನು ಹೊರಗೆ ಮರೆಯಲ್ಲಿ ನಿಲ್ಲಿಸಿದ್ದಾರೆ. ಉಳಿದ ಮಾಣಿಗಳು ತಮ್ಮ ಹರಿದ ಕೋಟು, ಕಿತ್ತುಹೋದ ಬೂಟು ಎಲ್ಲವನ್ನೂ ಅವನಿಗೆ ಕೊಟ್ಟು ಅವನದನ್ನು ಪಡೆದು ಒಳಗೆ ಓಡುತ್ತಾರೆ. ಬೆಳಗಾಗುವ ಹೊತ್ತಿಗೆ ಇಡೀ ಹೋಟೆಲಿನ ಹರಕಲೆಲ್ಲ ಒಬ್ಬನ ಮೈಮೇಲೆ.

ಇನ್ನು ಆ ಬಾಗಿಲು. ರೆಸ್ಟೋರೆಂಟಿನ ದಪ್ಪ ಗಾಜಿನ ಬಾಗಿಲಿಗೆ ಉಲೋ ಡಿಕ್ಕಿ ಹೊಡೆದು ಅದು ಪುಡಿಪುಡಿಯಾಗುತ್ತದೆ. ಬಾಗಿಲು ಕಾಯುವವನ ಕೈಯಲ್ಲಿ ಉಳಿಯುವುದು ಗುಂಡನೆಯ ದೊಡ್ಡ ಹಿಡಿಕೆ ಒಂದೇ. ಗಿರಾಕಿಗಳು ಬರುತ್ತಲೇ ಇದ್ದಾರೆ. ಆತ ಏನು ಮಾಡಬೇಕು? ಹಿಡಿಕೆಯನ್ನು ಗಾಳಿಯಲ್ಲಿ ಹಿಡಿದು, ಬಾಗಿಲು ತೆರೆದಂತೆ ಗಂಭೀರವಾಗಿ ಪಕ್ಕಕ್ಕೆ ಸರಿಯುತ್ತಾನೆ, ಬಂದವರು ಒಳಗೆ ಹೋದ ಮೇಲೆ ಮುಚ್ಚಿದಂತೆ ಹಿಂದಕ್ಕೆ ಬರುತ್ತಾನೆ. ಇಲ್ಲದ ಬಾಗಿಲನ್ನು ತೆರೆದದ್ದಕ್ಕೆ ಭಕ್ಷೀಸೂ ಸಿಗುತ್ತದೆ. ತಾತಿಯ ಆರೂ ಚಿತ್ರಗಳಲ್ಲಿ ಒಂದೇ ಒಂದು ಹಾಸ್ಯವನ್ನು ಉಳಿಸಿಕೊಳ್ಳಿ ಎಂದರೆ ಬಹುಶಃ ಇದನ್ನೇ ಉಳಿಸಿಕೊಳ್ಳಬೇಕು. ಬಾಗಿಲು ಎಂದರೆ ಗಾಜಲ್ಲ, ಅದನ್ನು ತೆರೆಯುವವನ ಗತ್ತು ಮತ್ತು ಒಳಗೆ ಹೋಗುವವನ ನಂಬಿಕೆ ಎಂದು ಯಾವ ಸಮಾಜಶಾಸ್ತ್ರದ ಗ್ರಂಥ ಇಷ್ಟು ಚಿಕ್ಕದಾಗಿ ಹೇಳೀತು?

ಕೊನೆಗೆ ಮೇಲ್ಛಾವಣಿಯ ಅಲಂಕಾರವೂ ಕಳಚಿ ಬೀಳುತ್ತದೆ. ಆಗ ಜನ ಮೊದಲ ಬಾರಿಗೆ ಮನಸಾರೆ ಕುಣಿಯತೊಡಗುತ್ತಾರೆ. 'ಸೋದರಮಾವ'ನಲ್ಲಿದ್ದ ಹಳೆಯದು ಹೊಸದರ ಜಗಳ ಇಲ್ಲಿಲ್ಲ. ಕಟ್ಟಡ ಎಷ್ಟೇ ಬಿಗಿಯಾಗಿರಲಿ, ಜನ ಅದನ್ನು ಬಗ್ಗಿಸಿ ತಮ್ಮ ಆಟದ ಮೈದಾನ ಮಾಡಿಕೊಳ್ಳುತ್ತಾರೆ. ಮರುದಿನ ಬೆಳಿಗ್ಗೆ ವೃತ್ತದ ಸುತ್ತ ಸಿಕ್ಕಿಬಿದ್ದ ಕಾರು ಬಸ್ಸುಗಳು ಜಾತ್ರೆಯ ತಿರುಗುವ ಕುದುರೆಗಳಂತೆ ನಿಧಾನಕ್ಕೆ ಸುತ್ತುತ್ತವೆ. ಮೊದಲ ಚಿತ್ರದ ಆ ಮರದ ಕುದುರೆಗಳು ಇಪ್ಪತ್ತು ವರ್ಷದ ನಂತರ ಪೇಟೆಗೆ ಬಂದಂತೆ!

1967ರ ಡಿಸೆಂಬರಿನಲ್ಲಿ ಚಿತ್ರ ತೆರೆಕಂಡಿತು. ಜನ ಬಂದದ್ದು ಉಲೋನನ್ನು ನೋಡಲು. ಉಲೋ ಗುಂಪಿನಲ್ಲಿ ಒಬ್ಬ. ಅಷ್ಟೇ ಅಲ್ಲ, ಆತನಂತೆಯೇ ಮಳೆಕೋಟು ತೊಟ್ಟ ನಕಲಿಗಳು ಬೇರೆ ಅಲ್ಲಲ್ಲಿ ಓಡಾಡುತ್ತಾರೆ. ದುಡ್ಡು ಕೊಟ್ಟವರಿಗೆ ಮೋಸಹೋದಂತೆ ಅನ್ನಿಸಿದ್ದರೆ ಅವರನ್ನು ತಪ್ಪು ಎನ್ನುವಂತಿಲ್ಲ. ರಾಜ್‌ಕುಮಾರ್ ಚಿತ್ರಕ್ಕೆ ಹೋದವನಿಗೆ ರಾಜ್‌ಕುಮಾರ್ ಬಸ್‌ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಬೆನ್ನು ತೋರಿಸಿ ನಿಂತಿದ್ದರೆ ಹೇಗೆ? ಅದರ ಮೇಲೆ 70 ಎಂಎಂ ಸೌಕರ್ಯವಿದ್ದ ಚಿತ್ರಮಂದಿರಗಳಲ್ಲೇ ತೋರಿಸಬೇಕೆಂದು ತಾತಿ ಹಟ ಹಿಡಿದ. ಎರಡೂವರೆ ಗಂಟೆಯ ಉದ್ದವನ್ನು ಕತ್ತರಿಸಿದ್ದೂ ಪ್ರಯೋಜನಕ್ಕೆ ಬರಲಿಲ್ಲ. ಆ ಕಾಲದ ಫ್ರೆಂಚ್ ಚಿತ್ರರಂಗದ ಅತಿ ದುಬಾರಿ ಚಿತ್ರಗಳಲ್ಲೊಂದು ಮಕಾಡೆ ಮಲಗಿತು. ತಾತಿಯ ಚಿತ್ರಸಂಸ್ಥೆ ದಿವಾಳಿಯಾಯಿತು. ಮನೆ ಹೋಯಿತು. ಒತ್ತೆಯಿಟ್ಟ ಚಿತ್ರಗಳ ಹಕ್ಕುಗಳು ಸಾಲ ಕೊಟ್ಟವರ ಪಾಲಾದವು. ಕಟ್ಟಿಸಿದ ನಗರ ಹೊಸ ಹುಡುಗರಿಗೆ ಸ್ಟುಡಿಯೋ ಆಗಿ ಉಳಿಯಲಿ ಎಂಬ ಆಸೆಯೂ ಕೈಗೂಡಲಿಲ್ಲ. ತಾತಿವಿಲ್ ನೆಲಸಮವಾಯಿತು.

ಆಗ ತಾತಿಗೆ ಅರವತ್ತು. ಆಮೇಲೆ 'ಟ್ರಾಫಿಕ್' (1971) ಮಾಡಿದ. ಅದರಲ್ಲಿ ಉಲೋನನ್ನು ಮತ್ತೆ ಮುಂದಕ್ಕೆ ತರಬೇಕಾಯಿತು. ಪ್ಯಾರಿಸ್ಸಿನಿಂದ ಆಮ್‌ಸ್ಟರ್‌ಡಾಮ್‌ನ ಕಾರು ಪ್ರದರ್ಶನಕ್ಕೆ ಒಂದು ವಾಹನ ಒಯ್ಯುವ ಕತೆ. ಚೆನ್ನಾಗಿದೆ, ಆದರೆ ಸಾಲಗಾರನ ಹುಷಾರಿತನ ಅದರಲ್ಲಿ ಕಾಣುತ್ತದೆ. 'ಪರೇಡ್' (1974) ಸ್ವೀಡನ್ನಿನ ಟೆಲಿವಿಷನ್‌ಗಾಗಿ ಮಾಡಿದ ಸರ್ಕಸ್ ಚಿತ್ರ. ಅದರಲ್ಲಿ ಮುಪ್ಪಿನ ತಾತಿ ತನ್ನ ಯೌವನದ ಗೋಲಿ, ಟೆನಿಸ್ ಆಟಗಾರರ ಅಣಕವನ್ನು ಮತ್ತೆ ಮಾಡಿ ತೋರಿಸುತ್ತಾನೆ. ಬರಿಗೈಯಲ್ಲಿ ಬಂದ ರಂಗಕ್ಕೆ ಬರಿಗೈಯಲ್ಲೇ ಮರಳಿದಂತೆ. 1982ರ ನವೆಂಬರಿನಲ್ಲಿ ತೀರಿಕೊಂಡ. ಇಪ್ಪತ್ತೈದು ವರ್ಷಗಳಲ್ಲಿ ಒಟ್ಟು ಆರು ಚಿತ್ರಗಳು.

ಇಷ್ಟು ಕಡಿಮೆ ಮಾಡಿದವನ ನೆರಳು ಮಾತ್ರ ಉದ್ದವಾಗಿದೆ. ತ್ರುಫೋ ತನ್ನ 1970ರ ಚಿತ್ರವೊಂದರ ಮೆಟ್ರೋ ನಿಲ್ದಾಣದಲ್ಲಿ ಉಲೋನಂಥ ಆಸಾಮಿಯೊಬ್ಬನನ್ನು ನಿಲ್ಲಿಸಿ ನಮಸ್ಕಾರ ಹೇಳಿದ. 'ಸೋದರಮಾವ'ನ ಕಾಲದಲ್ಲಿ ತಾತಿಯ ಕೈಕೆಳಗೆ ಹಾಸ್ಯಗಳಿಗೆ ಚಿತ್ರ ಬರೆಯುತ್ತಿದ್ದ ಪಿಯೆರ್ ಎತೆ ಮುಂದೆ ಸ್ವತಃ ಒಳ್ಳೆಯ ನಗೆಚಿತ್ರಗಳ ನಿರ್ದೇಶಕನಾದ. ಸ್ವೀಡನ್ನಿನ ರಾಯ್ ಆಂಡರ್ಸನ್‌ನ ಚಿತ್ರಗಳಲ್ಲಿ ಕದಲದ ಕ್ಯಾಮೆರಾ, ಆಳವಾದ ಕೋಣೆ, ಹಿಂದಿನ ಸಾಲಿನಲ್ಲಿ ನಡೆಯುವ ವ್ಯವಹಾರ ನೋಡಿದರೆ ಮೂಲ ಎಲ್ಲಿಯದೆಂದು ಹೊಳೆಯುತ್ತದೆ. 1990ರ ದಶಕದಿಂದ ನಮ್ಮ ಮನೆಗಳ ಟಿ.ವಿ.ಯಲ್ಲಿ ಮಕ್ಕಳು ಬಿದ್ದು ಬಿದ್ದು ನಕ್ಕ 'ಮಿಸ್ಟರ್ ಬೀನ್' ಕೂಡ ಒಂದು ರೀತಿಯಲ್ಲಿ ಉಲೋನ ಸೋದರಳಿಯನೇ. ರೋವನ್ ಅಟ್ಕಿನ್ಸನ್ ಈ ಋಣವನ್ನು ಒಪ್ಪಿಕೊಂಡವನು. 2007ರ ಬೀನ್ ಚಿತ್ರದ ಹೆಸರಿನಲ್ಲೇ 'ರಜೆ' ಇದೆ, ಬೀನ್ ಹೊರಡುವುದೂ ಫ್ರಾನ್ಸಿನ ಕಡಲತೀರಕ್ಕೇ. ಆದರೆ ಅಳಿಯ ಮಾವನ ಅರ್ಧವನ್ನಷ್ಟೇ ಕಲಿತ ಎನ್ನಬೇಕು. ಬೀನ್ ಇದ್ದಲ್ಲಿ ಕಣ್ಣು ಬೀನ್ ಮೇಲೆಯೇ ಇರಬೇಕು. ಆತನದು ಹಳೆಯ ಕ್ರಮ, ಮುಖದ ಹಾಸ್ಯ.

ತಾತಿ ಬರೆದು ಕೈಬಿಟ್ಟ ಒಂದು ಚಿತ್ರಕತೆ 2010ರಲ್ಲಿ ಸಿಲ್ವೇನ್ ಶೋಮೆ ಕೈಯಲ್ಲಿ 'ದಿ ಇಲ್ಯೂಷನಿಸ್ಟ್' ಎಂಬ ಕೈಚಿತ್ರಗಳ ಸಿನಿಮಾ ಆಯಿತು. 'ಪ್ಲೇಟೈಮ್' 2002ರಲ್ಲಿ ಮತ್ತೆ 70 ಎಂಎಂನಲ್ಲಿ ಸಿದ್ಧಗೊಂಡಿತು. 2022ರಲ್ಲಿ ಬ್ರಿಟಿಷ್ ಪತ್ರಿಕೆ 'ಸೈಟ್ ಅಂಡ್ ಸೌಂಡ್' ವಿಮರ್ಶಕರಿಂದ ಮತ ಸಂಗ್ರಹಿಸಿ ಪ್ರಕಟಿಸಿದ ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ ಅದಕ್ಕೆ 23ನೆಯ ಸ್ಥಾನ. ಮನೆ ಕಳೆದುಕೊಂಡವನಿಗೆ ಈ ಅಂಕಿಯಿಂದ ಏನೂ ದಕ್ಕಲಿಲ್ಲ ಎಂಬುದು ಬೇರೆ ಮಾತು.

ದೀಪ ಆರಿಸುವ ಮುಂಚೆ ಒಂದೆರಡು ಸೂಚನೆ. ಚಿತ್ರ ಶುರುವಾದಾಗ ಕಾಣುವ ಸ್ಥಳ ಆಸ್ಪತ್ರೆಯಂತೆ ತೋರುತ್ತದೆ. ಅದು ಆಸ್ಪತ್ರೆಯಲ್ಲ, ವಿಮಾನ ನಿಲ್ದಾಣ. ಪಿಸುಗುಟ್ಟುತ್ತ ಕೂತ ದಂಪತಿಗಳನ್ನು ಬಿಟ್ಟು ಹಿಂದೆ ಓಡಾಡುವವರ ಮೇಲೆ ಒಂದು ಕಣ್ಣಿಡಿ. ಕೊಡೆ ಬೀಳಿಸಿ ಸದ್ದು ಮಾಡುವವನು ಉಲೋ ಎಂದು ತಕ್ಷಣ ತೀರ್ಮಾನಿಸಬೇಡಿ. ಪಕ್ಕದವರು ನಕ್ಕಾಗ ನಿಮಗೆ ನಗು ಬಾರದಿದ್ದರೆ ಬೇಸರ ಬೇಡ, ಅವರು ತೆರೆಯ ಬೇರೆ ಮೂಲೆ ನೋಡುತ್ತಿದ್ದಾರೆ ಎಂದರ್ಥ. ಮುಂದಿನ ಮೂರು ಸಾಲುಗಳು ಖಾಲಿ ಇವೆ. ಹಿಂದೆ ಕೂತವರು ಬೇಕಾದರೆ ಮುಂದೆ ಬರಬಹುದು.